ಹಬೆಶಾ ಬಟ್ಟೆ ಜಗತ್ತು ಸುತ್ತುತ್ತಿದೆ, ಅದನ್ನು ನೇಯ್ದವರು ಯಾರು?

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ಕಾಕಾ ಆಗ ಇಥಿಯೋಪಿಯಾದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ರಜೆಗೆ ಬಂದಾಗ ಆಯಿಗೆ ಅಂತ ಒಂದು ಬಿಳಿ ಹೊದಿಕೆ ತಂದರು. ತೆಳ್ಳಗಿನ ಹತ್ತಿ ಬಟ್ಟೆ, ಎರಡು ಪದರ, ಎರಡೂ ತುದಿಗೆ ಹಸಿರು, ಹಳದಿ, ಕೆಂಪಿನ ಅಂಚು. ಆಯಿ ಇಳಕಲ್ಲಿನವಳು, ಮಗ್ಗದ ಸದ್ದಿನಲ್ಲೇ ಬೆಳೆದವಳು. ಅವಳು ಅದನ್ನು ಹೊದ್ದು ನೋಡಲಿಲ್ಲ. ಮೊದಲು ತಿರುವಿ ಹಾಕಿದಳು. ಅಂಚಿನ ಹಿಂಬದಿಯ ಎಳೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದಳು. "ಹೊಕ್ಕು ಕೈನೂಲಿಂದು ಐತಿ. ಇದನ್ನ ನೇದಾಂವ ಯಾರಪಾ?" ಎಂದು ಕೇಳಿದಳು. ಕಾಕಾಗೆ ಗೊತ್ತಿರಲಿಲ್ಲ. ಅಡಿಸ್ ಅಬಾಬಾದ ಅಂಗಡಿಯೊಂದರಲ್ಲಿ ಕೊಂಡದ್ದು, ಅಷ್ಟೇ.

ಆಯಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಆ ಬಟ್ಟೆ ಈಗ ಎಲ್ಲೆಲ್ಲೂ ಕಾಣುತ್ತಿದೆ. ವಾಷಿಂಗ್ಟನ್ನಿನ ಮದುವೆಗಳಲ್ಲಿ, ಲಂಡನ್ನಿನ ಚರ್ಚುಗಳಲ್ಲಿ, ಟೊರಾಂಟೊದ ಹಬ್ಬಗಳಲ್ಲಿ, ಇನ್‌ಸ್ಟಾಗ್ರಾಮಿನ ಅಂಗಡಿಗಳಲ್ಲಿ. "ನಮ್ಮ ಕೈಮಗ್ಗದ ಹಬೆಶಾ ಉಡುಗೆಯನ್ನು ಜಗತ್ತಿಗೆ ತಲುಪಿಸೋಣ" ಎನ್ನುವ ಮಾತು ಇಥಿಯೋಪಿಯಾ ಮತ್ತು ನೆರೆಯ ಎರಿಟ್ರಿಯಾದವರ ನಡುವೆ ಜೋರಾಗಿ ಕೇಳುತ್ತಿದೆ. ಹಬೆಶಾ ಎಂದರೆ ಈ ಎರಡು ದೇಶಗಳ ಗುಡ್ಡಗಾಡಿನ ಜನ. ಒಳ್ಳೆಯ ಮಾತೇ. ಆದರೆ ಜಗತ್ತಿಗೆ ಹೋಗುತ್ತಿರುವುದು ಏನು? ಬಟ್ಟೆಯೋ, ಬಟ್ಟೆಯ ಚಿತ್ರವೋ? ಅದು ಮಾರಾಟವಾದಾಗ ಮಗ್ಗದ ಮುಂದೆ ಕೂತವರಿಗೆ ಏನು ಸಿಗುತ್ತದೆ? ಇದನ್ನು ಬಿಡಿಸಿ ನೋಡದೆ ಸಂಭ್ರಮಪಟ್ಟರೆ ಅರ್ಧ ಸತ್ಯಕ್ಕೆ ಸಂಭ್ರಮಪಟ್ಟಂತೆ.

ಮೊದಲು ಬಟ್ಟೆಯ ಪರಿಚಯ. ಹೆಂಗಸರ ಉದ್ದ ನಿಲುವಂಗಿಗೆ ಹಬೆಶಾ ಕೆಮಿಸ್ ಎನ್ನುತ್ತಾರೆ. ಹತ್ತಿಯದು, ಬಿಳಿ ಅಥವಾ ಕೆನೆಬಣ್ಣ, ಕಣಕಾಲಿನ ತನಕ ಬರುತ್ತದೆ. ಎದೆಯ ಮೇಲೆ, ತೋಳಿನ ತುದಿಗೆ, ಕೆಳಗಿನ ಸುತ್ತಿಗೆ ಬಣ್ಣದ ನೇಯ್ಗೆ. ಎರಿಟ್ರಿಯಾ ಮತ್ತು ಇಥಿಯೋಪಿಯಾದ ಉತ್ತರದ ಟಿಗ್ರಾಯ್ ಕಡೆ ಇದೇ ಬಗೆಯ ಉಡುಗೆಗೆ ಜುರಿಯಾ ಅನ್ನುವುದೂ ಉಂಟು. ಮೇಲೆ ಹೊದೆಯುವ ತೆಳು ಹೊದಿಕೆ ನೆತೆಲಾ. ಆಯಿಗೆ ಬಂದದ್ದು ಅದೇ. ನಾಲ್ಕು ಪದರದ ದಪ್ಪ ಹೊದಿಕೆ ಗಾಬಿ, ಅದು ಗುಡ್ಡಗಾಡಿನ ಚಳಿಗೆ. ಈ ಎಲ್ಲಕ್ಕೂ ಮೂಲವಾದ ಕೈಮಗ್ಗದ ಬಟ್ಟೆಗೆ ಷೆಮ್ಮಾ ಎಂದು ಹೆಸರು, ಅದನ್ನು ನೇಯುವವನು ಷೆಮಾನೆ.

ಬಣ್ಣದ ಅಂಚಿಗೆ ತಿಬೆಬ್ ಎನ್ನುತ್ತಾರೆ. ಅಮ್ಹಾರಿಕ್ ಭಾಷೆಯಲ್ಲಿ ತಿಬೆಬ್ ಎಂದರೆ ಜಾಣ್ಮೆ, ಕಲೆ, ಅರಿವು ಎಂಬ ಅರ್ಥವೂ ಇದೆ. ಸೀರೆಯ ಅಂಚಿಗೆ ನಾವು 'ಅರಿವು' ಎಂದು ಹೆಸರಿಟ್ಟಿದ್ದರೆ ಹೇಗಿರುತ್ತಿತ್ತು, ಹಾಗೆ.

ಎರಡು ಹೆಸರುಗಳಂತೂ ನಮಗೆ ಹೊಸವಲ್ಲ. ಕೆಮಿಸ್ ಎಂದರೆ ನಮ್ಮ ಕಮೀಜೇ. ಅರಬ್ಬಿಯ ಒಂದೇ ಮಾತು ಅತ್ತ ಕೆಂಪು ಸಮುದ್ರ ದಾಟಿತು, ಇತ್ತ ಪಾರಸಿ, ಉರ್ದುಗಳ ದಾರಿಯಲ್ಲಿ ನಮ್ಮಲ್ಲಿಗೆ ಬಂತು. ಹಬೆಶಾ ಎಂಬುದು ವಿಜಯಪುರದವರು ಕೇಳಿದ 'ಹಬಶಿ', ಅಂದರೆ ಇಥಿಯೋಪಿಯಾ ಕಡೆಯವರು. ಮಹಮ್ಮದ್ ಆದಿಲ್‌ಶಾಹನ ದರಬಾರಿನಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಹಬಶಿ ಮೂಲದವನು. ಅಹಮದ್‌ನಗರದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ದಖ್ಖನಿಗೆ ಬಂದವನು. ಬಟ್ಟೆಯ ನಂಟು ಇನ್ನೂ ಹಳೆಯದು. ಈಗಿನ ಎರಿಟ್ರಿಯಾದ ಕರಾವಳಿಯಲ್ಲಿದ್ದ ಅದುಲಿಸ್ ಬಂದರಿಗೆ ಭಾರತದ ಹತ್ತಿಬಟ್ಟೆ ಬರುತ್ತಿತ್ತು ಎಂದು ಒಂದನೇ ಶತಮಾನದ ಗ್ರೀಕ್ ವ್ಯಾಪಾರಿಯೊಬ್ಬ ಬರೆದಿಟ್ಟಿದ್ದಾನೆ.

ಈಗ ಆಯಿಯ ಪ್ರಶ್ನೆಗೆ ಬರುತ್ತೇನೆ. ಯಾರು ನೇಯ್ದರು?

ಅಡಿಸ್ ಅಬಾಬಾದ ಉತ್ತರಕ್ಕೆ ಎಂತೋತೊ ಬೆಟ್ಟವಿದೆ. ಅದರ ಬುಡದಲ್ಲಿ ಷಿರೋ ಮೆಡಾ ಎಂಬ ಪೇಟೆ. ರಸ್ತೆಯ ಎರಡೂ ಬದಿಗೆ ಅಂಗಡಿಗಳು, ಬಾಗಿಲ ತುಂಬ ತೂಗುಹಾಕಿದ ಬಿಳಿ ಉಡುಗೆಗಳು. ಮದುವೆ ಬಟ್ಟೆಗೆ ಎಲ್ಲರೂ ಬರುವುದು ಇಲ್ಲಿಗೇ. ಪೇಟೆಯ ಹಿಂದಿನ ಓಣಿಗಳಲ್ಲಿ ಮಗ್ಗಗಳಿವೆ. ಅಲ್ಲಿ ಕೂತವರಲ್ಲಿ ಬಹಳ ಜನ ದೊರ್ಜೆಗಳು, ಗಾಮೊ ನಾಡಿನವರು. ಗಾಮೊ ನಾಡು ರಾಜಧಾನಿಯಿಂದ ತೀರ ದಕ್ಷಿಣಕ್ಕೆ, ಅರ್ಬಾ ಮಿಂಚ್ ಊರಿನ ಮೇಲಿನ ಎತ್ತರದ ಗುಡ್ಡಸಾಲು. ಕೆಳಗೆ ಅಬಾಯಾ, ಚಾಮೊ ಕೆರೆಗಳು ಸಮುದ್ರದ ಹಾಗೆ ಕಾಣುತ್ತವೆ. ಮೇಲೆ ಚೆಂಚಾ, ದೊರ್ಜೆ ಊರುಗಳು, ಸದಾ ಮಂಜು. ದೊರ್ಜೆಗಳ ಮನೆಯೂ ಒಂದು ನೇಯ್ಗೆಯೇ. ಬಿದಿರ ಸೀಳುಗಳನ್ನು ಬುಟ್ಟಿಯ ಹಾಗೆ ಹೆಣೆದು ಎತ್ತರಕ್ಕೆ ಕಟ್ಟುತ್ತಾರೆ. ಮುಂದಿನಿಂದ ನೋಡಿದರೆ ಆನೆಯ ಮುಖದ ಹಾಗಿರುತ್ತದೆ. ಬುಡಕ್ಕೆ ಗೆದ್ದಲು ಹತ್ತಿದಷ್ಟೂ ಮನೆ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತ ಹೋಗುತ್ತದೆ. ಬೇಕಾದರೆ ಜನ ಸೇರಿ ಇಡೀ ಮನೆಯನ್ನೇ ಎತ್ತಿ ಬೇರೆ ಕಡೆ ಇಡಬಹುದು.

1890ರ ದಶಕದಲ್ಲಿ ಚಕ್ರವರ್ತಿ ಎರಡನೇ ಮೆನೆಲಿಕನ ಸೇನೆ ದಕ್ಷಿಣದ ಈ ನಾಡುಗಳನ್ನು ಗೆದ್ದುಕೊಂಡಿತು. ಆಮೇಲೆ ಗಾಮೊ ನೇಕಾರರು ಹೊಸ ರಾಜಧಾನಿಗೆ ಬರತೊಡಗಿದರು. ಅರಮನೆಗೆ, ದೊಡ್ಡ ಮನೆತನಗಳಿಗೆ, ಚರ್ಚಿಗೆ ಹೋಗುವವರಿಗೆ ಬಿಳಿ ಬಟ್ಟೆ ಬೇಕಿತ್ತು. ಉತ್ತರದ ಗುಡ್ಡಗಾಡಿನಲ್ಲಿ ಕೈಕೆಲಸದವರನ್ನು ಕೀಳಾಗಿ ನೋಡುವ ವಾಡಿಕೆಯೂ ಇತ್ತು. ಉಳುವವನು ಮೇಲು, ಪೂಜೆ ಮಾಡುವವನು ಮೇಲು, ನೇಯುವವನು ಕೀಳು. ಬಟ್ಟೆ ಪವಿತ್ರ, ನೇಯ್ದವನು ಮಾತ್ರ ಅಲ್ಲ. ನಮಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇನ್ನೊಂದು ತೊಡಕಿದೆ. 'ಹಬೆಶಾ' ಎಂದು ಹಿಂದಿನಿಂದ ಕರೆದುಕೊಂಡು ಬಂದವರು ಮುಖ್ಯವಾಗಿ ಅಮ್ಹಾರ ಮತ್ತು ಟಿಗ್ರಿನ್ಯಾ ಮಾತಾಡುವ ಗುಡ್ಡಗಾಡಿನ ಜನ. ಹೊರದೇಶಗಳಲ್ಲಿ ನೆಲೆಸಿದವರು ಈ ಮಾತನ್ನು ಸಡಿಲವಾಗಿ, ಇಥಿಯೋಪಿಯಾ ಎರಿಟ್ರಿಯಾದ ಎಲ್ಲರಿಗೂ ಬಳಸುತ್ತಾರೆ. ಒರೊಮೊ ಜನರಲ್ಲಿ, ದಕ್ಷಿಣದವರಲ್ಲಿ ಅನೇಕರು ಈ ಹೆಸರನ್ನು ಒಪ್ಪುವುದಿಲ್ಲ. ಅಂದರೆ ಜಗತ್ತು ಹಬೆಶಾ ಬಟ್ಟೆ ಎಂದು ಕರೆಯುವುದನ್ನು ನೇಯುವ ದೊರ್ಜೆ ನೇಕಾರ ಆ ಹೆಸರಿನ ಹಳೆಯ ಅರ್ಥದೊಳಗೆ ಬರುವುದೇ ಇಲ್ಲ. ಅವನ ಸ್ವಂತ ಬಟ್ಟೆ ಬಿಳಿಯದೂ ಅಲ್ಲ. ಗಾಮೊ ಜನರ ಬಟ್ಟೆ ದುಂಗುಜಾ: ಕೆಂಪು, ಹಳದಿ, ಕಪ್ಪು ಪಟ್ಟೆಗಳು, ದೂರದಿಂದಲೇ ಕಣ್ಣಿಗೆ ಹೊಡೆಯುವ ಬಣ್ಣ. ಬೇರೆಯವರ ಹಬ್ಬಕ್ಕೆ ಬಿಳಿ ನೇಯ್ದು, ತನ್ನ ಹಬ್ಬಕ್ಕೆ ಬಣ್ಣದ್ದು ಉಡುತ್ತಾನೆ. ಹೆಸರಿನಲ್ಲೇ ನೇಕಾರ ಮರೆಯಾಗಿದ್ದಾನೆ. ಮುಂದಿನ ಎಷ್ಟೋ ತೊಡಕುಗಳ ಬೇರು ಇಲ್ಲೇ ಇದೆ ಅನ್ನಿಸುತ್ತದೆ ನನಗೆ.

ಕೆಲಸ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಬೆಲೆಯ ಜಗಳ ಅರ್ಥವಾಗುತ್ತದೆ. ಹತ್ತಿಯ ಬೀಜ ತೆಗೆದು, ಹಿಂಜಿ, ಹಂಜಿ ಮಾಡಿ ನೂಲುವವರು ಹೆಂಗಸರು. ರಾಟೆ ಇಲ್ಲ, ಕೈಯಲ್ಲಿ ತಿರುಗಿಸಿ ಇಳಿಬಿಡುವ ಕದಿರು. ಹಾಸಿನ ಎಳೆಗೆ, ಅಂದರೆ ಉದ್ದಕ್ಕೆ ಓಡುವ ಎಳೆಗೆ, ಈಗ ಬಹುಪಾಲು ಗಿರಣಿ ನೂಲು, ಯಾಕೆಂದರೆ ಅದು ಎಳೆತ ತಡೆಯುತ್ತದೆ. ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಕೈನೂಲು. ಕೈನೂಲಿನ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಬೆಳಕಿಗೆ ಹಿಡಿದಾಗ ಆಯಿಗೆ ಕಂಡದ್ದು ಅದೇ ಏರಿಳಿತ. ಆ ಸಡಿಲ ಎಳೆಯಿಂದಲೇ ಬಟ್ಟೆ ಮೆತ್ತಗಿರುತ್ತದೆ, ಒಗೆದಷ್ಟೂ ಹಿತವಾಗುತ್ತದೆ.

ನೇಯುವವರು ಹೆಚ್ಚಾಗಿ ಗಂಡಸರು. ಮಗ್ಗ ನೆಲದಲ್ಲಿ ತೋಡಿದ ಕುಣಿಯದು. ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ತುಳಿಯುತ್ತ ಲಾಳಿ ಎಸೆಯುತ್ತಾರೆ. ಇಳಕಲ್, ಗುಳೇದಗುಡ್ಡದ ಮನೆಗಳನ್ನು ಕಂಡವರಿಗೆ ಕುಣಿಮಗ್ಗ ಎಂದರೆ ಸಾಕು, ಚಿತ್ರ ಕಣ್ಣಮುಂದೆ ಬರುತ್ತದೆ. ಬಿಳಿ ಒಡಲು ಬೇಗ ಸಾಗುತ್ತದೆ. ಸಮಯ ತಿನ್ನುವುದು ತಿಬೆಬ್. ಹಾಸಿನ ಎಳೆಗಳನ್ನು ಬೆರಳಿನಿಂದ ಎಣಿಸಿ ಎತ್ತಿ, ಬಣ್ಣದ ಎಳೆಯನ್ನು ಅಷ್ಟಷ್ಟೇ ಸೇರಿಸಿ, ಒಂದು ಬಿಳಿ ಎಳೆ ಹೊಡೆದು, ಮತ್ತೆ ಎಣಿಸಬೇಕು. ಕಾಗದದ ಮೇಲೆ ನಕ್ಷೆ ಇಲ್ಲದೆ, ನೆನಪಿನಿಂದಲೇ ಎಣಿಸುವವರೂ ಇದ್ದಾರೆ. ಅಂಚು ಅಗಲವಾದಷ್ಟೂ ದಿನ ಜಾಸ್ತಿ. ಎದೆಯಿಂದ ಪಾದದ ತನಕ ತಿಬೆಬ್ ಇರುವ ಮದುವೆಯ ಕೆಮಿಸ್ ಒಂದಕ್ಕೆ ವಾರಗಟ್ಟಲೆ ಬೇಕು. ಬಟ್ಟೆಯ ಬೆಲೆ ಇರುವುದು ಅಂಚಿನಲ್ಲಿ, ನೇಕಾರನ ಕಣ್ಣು ಸವೆಯುವುದೂ ಅಲ್ಲೇ.

ನಕಲಿಗೆ ಸುಲಭವಾಗಿ ಸಿಗುವುದೂ ಆ ಅಂಚೇ.

ಕೆಲವು ವರ್ಷಗಳಿಂದ ಇಥಿಯೋಪಿಯಾದ ಪೇಟೆಗಳಿಗೆ ಚೀನಾದಿಂದ ಯಂತ್ರದ ಬಟ್ಟೆ ಬರುತ್ತಿದೆ. ತಿಬೆಬ್ ನಮೂನೆಯನ್ನು ಅಚ್ಚು ಹಾಕಿದ್ದು, ಇಲ್ಲವೆ ಯಂತ್ರದ ಕಸೂತಿ ಹಾಕಿದ್ದು. ನೂಲೂ ಹೆಚ್ಚಾಗಿ ಹತ್ತಿಯದಲ್ಲ. ಫೋಟೋದಲ್ಲಿ ನೋಡಿದರೆ ವ್ಯತ್ಯಾಸ ಹಿಡಿಯುವುದು ಕಷ್ಟ. ಬೆಲೆ ಮಾತ್ರ ತೀರ ಕಡಿಮೆ. ಹಬ್ಬಕ್ಕೆ ಮೂರು ಹೆಣ್ಣುಮಕ್ಕಳಿಗೂ ಹೊಸ ಬಟ್ಟೆ ತರಬೇಕಾದ ತಾಯಿ ಅದನ್ನೇ ಕೊಂಡರೆ ಅವಳನ್ನು ಬೈಯುವ ಮನಸ್ಸು ನನಗಿಲ್ಲ. ನಮ್ಮಲ್ಲೂ ಇಳಕಲ್ ಸೀರೆ ಎಂದು ಮಾರುವುದರಲ್ಲಿ ಎಷ್ಟೋ ವಿದ್ಯುತ್ ಮಗ್ಗದ ಸೀರೆಗಳಿವೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುವ ಕೆಲಸ ಗೊತ್ತಿಲ್ಲದವರಿಗೆ ಎರಡೂ ಒಂದೇ.

ತಿರುವಿ ನೋಡುವ ಆಯಿಯ ಪರೀಕ್ಷೆ ಇಲ್ಲೂ ನಡೆಯುತ್ತದೆ. ಅಚ್ಚಿನ ಬಟ್ಟೆಯ ಹಿಂಬದಿ ಮಸುಕಾಗಿರುತ್ತದೆ. ಯಂತ್ರದ ಕಸೂತಿಯ ಹಿಂದೆ ಹೊಲಿಗೆಯ ದಾರ ಸಾಲಾಗಿ ಕಾಣುತ್ತದೆ. ಕೈಯಲ್ಲಿ ನೇಯ್ದ ತಿಬೆಬ್‌ನಲ್ಲಿ ಬಣ್ಣದ ಎಳೆ ಬಟ್ಟೆಯೊಳಗೇ ಓಡಾಡಿರುತ್ತದೆ, ಮುಂದೆ ಇದ್ದದ್ದು ಹಿಂದೆಯೂ ಸಿಗುತ್ತದೆ. ಆದರೆ ಆನ್‌ಲೈನ್ ಅಂಗಡಿಯಲ್ಲಿ ಬಟ್ಟೆ ತಿರುವಲು ಆಗುವುದಿಲ್ಲವಲ್ಲ. ಅಲ್ಲಿ ಮಾರಾಟವಾಗುವುದು ಮುಂಬದಿಯ ಫೋಟೋ. ಫೋಟೋವನ್ನು ಯಾವ ದೇಶದ ಗಿರಣಿಯಾದರೂ ಅಚ್ಚು ಹಾಕಬಹುದು. ಹೀಗಾಗಿ ಉಡುಗೆಯ ಹೆಸರು ಜಗತ್ತಿನಲ್ಲಿ ಬೆಳೆದಷ್ಟೂ ನಕಲಿಗೂ ಗಿರಾಕಿ ಬೆಳೆಯುತ್ತಾರೆ. ಸುಮ್ನೆ ಪ್ರಚಾರ ಮಾಡಿದರೆ ನೇಕಾರನಿಗೆ ಒಳ್ಳೆಯದಾಗುತ್ತದೆ ಎನ್ನುವುದನ್ನು ನಾನು ಒಪ್ಪದಿರುವುದು ಇದಕ್ಕೇ.

ಹಾಗಂತ ಪ್ರಚಾರವೇ ಬೇಡ ಎಂದಲ್ಲ. 2018ರ ಆಸ್ಕರ್ ಸಮಾರಂಭಕ್ಕೆ ಅಮೆರಿಕದ ನಟಿ ಟಿಫನಿ ಹ್ಯಾಡಿಶ್ ಎರಿಟ್ರಿಯಾದ ಉಡುಗೆ ತೊಟ್ಟು ಬಂದರು. ಅವರ ತಂದೆ ಎರಿಟ್ರಿಯಾದವರು, ಅದರ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ತಂದೆಯ ನೆನಪಿಗೆ ಆ ಉಡುಗೆ. ಅಮೆರಿಕದ ಬಡಾವಣೆಗಳಲ್ಲಿ ಬೆಳೆಯುತ್ತಿರುವ ಹಬೆಶಾ ಹುಡುಗಿಯರಿಗೆ, ಅಮ್ಮ ಹಬ್ಬಕ್ಕೆ ಒತ್ತಾಯ ಮಾಡಿ ತೊಡಿಸುತ್ತಿದ್ದ ಬಟ್ಟೆಯನ್ನು ಅಷ್ಟು ದೊಡ್ಡ ವೇದಿಕೆಯ ಮೇಲೆ ನೋಡಿದಾಗ ಆದ ಖುಷಿ ಸಣ್ಣದಲ್ಲ. ಅಮೆರಿಕದ ಕನ್ನಡ ಕೂಟಗಳಲ್ಲಿ ಇಳಕಲ್ ಸೀರೆ ಉಟ್ಟ ಹುಡುಗಿಯರ ಮುಖ ನೋಡಿದವರಿಗೆ ಅದು ತಿಳಿಯುತ್ತದೆ.

ಹೊರಗಿನವರು ಈ ಬಟ್ಟೆ ಉಡಬಹುದೇ ಎಂಬ ಚರ್ಚೆಯೂ ಇದೆ. ನನಗೆ ಇದು ದೊಡ್ಡ ತಕರಾರು ಅನ್ನಿಸುವುದಿಲ್ಲ. ಇಥಿಯೋಪಿಯಾದವರು ಅತಿಥಿಗಳಿಗೆ ಪ್ರೀತಿಯಿಂದ ನೆತೆಲಾ ಹೊದಿಸುತ್ತಾರೆ, ಉಟ್ಟರೆ ಸಂತೋಷಪಡುತ್ತಾರೆ. ಆದರೆ ಉಡುವವರು ಒಂದಿಷ್ಟು ತಿಳಿದುಕೊಂಡಿರಬೇಕು. ನೆತೆಲಾ ಹೊದೆಯುವ ರೀತಿಗೇ ಅರ್ಥವಿದೆ. ಚರ್ಚಿಗೆ ಹೋಗುವಾಗ ತಲೆ, ಹೆಗಲು ಮುಚ್ಚಿ ಶಿಲುಬೆಯ ಆಕಾರ ಬರುವಂತೆ ಹೊದೆಯುತ್ತಾರೆ. ಹಬ್ಬಕ್ಕೆ ಅಂಚು ಕೆಳಗೆ ಇಳಿಬಿಟ್ಟು ಮೆರೆಯುತ್ತದೆ. ಅದೇ ಅಂಚನ್ನು ಮೇಲಕ್ಕೆ, ಕುತ್ತಿಗೆಯ ಹತ್ತಿರ ತಂದು ಹೊದ್ದರೆ ಸಾವಿನ ಮನೆಯ ಗುರುತು. ಫ್ಯಾಷನ್ ಫೋಟೋಗೆ ಸುಮ್ಮನೆ ಕುತ್ತಿಗೆಗೆ ಸುತ್ತಿಕೊಂಡವರನ್ನು ನೋಡಿ ಅಲ್ಲಿನ ಅಜ್ಜಿಯರ ಎದೆ ಧಸಕ್ ಅನ್ನುತ್ತದೆ. ಮಾರುವವರು ಬಟ್ಟೆಯ ಜೊತೆ ಇಷ್ಟನ್ನು ಹೇಳಿಕೊಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ.

ದುಡ್ಡಿನ ದಾರಿ ಕಷ್ಟದ್ದು. ಷಿರೋ ಮೆಡಾದ ಬಹಳಷ್ಟು ನೇಕಾರರು ವ್ಯಾಪಾರಿಯಿಂದ ನೂಲು ಪಡೆದು, ನೇಯ್ದು, ಅವರಿಗೇ ಒಪ್ಪಿಸುತ್ತಾರೆ. ಕೂಲಿ ತುಂಡಿನ ಲೆಕ್ಕ. ಬೆಲೆ ಕಟ್ಟುವವನು ವ್ಯಾಪಾರಿ. ಅಲ್ಲಿಂದ ಬಟ್ಟೆ ದರ್ಜಿಗೆ, ದರ್ಜಿಯಿಂದ ಅಂಗಡಿಗೆ, ಅಂಗಡಿಯಿಂದ ಯಾರದೋ ಸೂಟ್‌ಕೇಸಿಗೆ, ಸೂಟ್‌ಕೇಸಿನಿಂದ ಅಮೆರಿಕದ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗಿಗೆ. ಪ್ರತಿ ಕೈಯಲ್ಲೂ ಬೆಲೆ ಏರುತ್ತದೆ, ಮೊದಲ ಕೈಯ ಕೂಲಿ ಬಿಟ್ಟು.

2024ರ ಜುಲೈ 29ರಂದು ಇಥಿಯೋಪಿಯಾ ತನ್ನ ಹಣವಾದ ಬಿರ್‌ನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರಿಗೆ 57ರ ಆಸುಪಾಸು ಇದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತು. ಲೆಕ್ಕದ ಪ್ರಕಾರ ರಫ್ತು ಮಾಡುವವರಿಗೆ ಇದು ಲಾಭ. ಆದರೆ ತಿಬೆಬ್‌ಗೆ ಬಳಸುವ ಮಿರುಗು ನೂಲು, ಬಣ್ಣದ ನೂಲು ಹೊರದೇಶದ್ದಾದರೆ ಅದರ ಬೆಲೆಯೂ ಏರಿತು, ಮನೆಯ ಎಣ್ಣೆ ಹಿಟ್ಟಿನ ಬೆಲೆಯೂ ಏರಿತು. ಡಾಲರ್ ಕೈಗೆ ಬರುವುದು ಹೊರಗೆ ಮಾರುವವರಿಗೆ. ಬಿರ್‌ನಲ್ಲಿ ಕೂಲಿ ಪಡೆಯುವವನಿಗೆ ಬಂದದ್ದು ಏರಿದ ಬೆಲೆ ಮಾತ್ರ.

ಅಮೆರಿಕದ ಬಾಗಿಲೂ ಕಿರಿದಾಗಿದೆ. ಆಫ್ರಿಕಾದ ದೇಶಗಳಿಗೆ ಸುಂಕವಿಲ್ಲದೆ ಮಾಲು ಕಳಿಸಲು ಬಿಡುವ ಅಗೋವಾ ಕಾಯ್ದೆಯ ಸೌಲಭ್ಯವನ್ನು ಟಿಗ್ರಾಯ್ ಯುದ್ಧದ ಕಾರಣಕ್ಕೆ ಇಥಿಯೋಪಿಯಾ 2022ರ ಜನವರಿ 1ರಿಂದ ಕಳೆದುಕೊಂಡಿತು. ಸುದ್ದಿಯಾದದ್ದು ಹವಾಸಾ ಕೈಗಾರಿಕಾ ಪಾರ್ಕಿನ ದೊಡ್ಡ ಗಾರ್ಮೆಂಟ್ ಕಾರ್ಖಾನೆಗಳು. ಆದರೆ ಕೈಮಗ್ಗದ ಬಟ್ಟೆಗೆಂದೇ ಆ ಕಾಯ್ದೆಯಲ್ಲಿ ಬೇರೆ ಗುಂಪಿತ್ತು ಎಂಬುದನ್ನು ನೆನಪಿಸಿಕೊಂಡವರು ಕಡಿಮೆ. ಆಮೇಲೆ 2025ರ ಆಗಸ್ಟ್ 29ರಿಂದ, 800 ಡಾಲರಿನೊಳಗಿನ ಪಾರ್ಸೆಲ್ಲುಗಳಿಗೆ ಇದ್ದ ಸುಂಕದ ವಿನಾಯಿತಿಯನ್ನೂ ಅಮೆರಿಕ ಎಲ್ಲ ದೇಶಗಳಿಗೆ ನಿಲ್ಲಿಸಿತು. ಒಂದು ಕೆಮಿಸ್, ಎರಡು ನೆತೆಲಾ ಎಂದು ಬಿಡಿಬಿಡಿಯಾಗಿ ಕಳಿಸುವ ಸಣ್ಣ ಮಾರಾಟಗಾರರಿಗೆ ಇದು ನೇರ ಪೆಟ್ಟು. ದೊಡ್ಡ ಕಂಪನಿ ಕಂಟೇನರ್ ಕಳಿಸಿ ಲೆಕ್ಕ ಸರಿದೂಗಿಸುತ್ತದೆ. ಮಗ್ಗದವನ ಹತ್ತಿರ ಕಂಟೇನರ್ ತುಂಬುವಷ್ಟು ಬಟ್ಟೆ ಎಲ್ಲಿಂದ ಬರಬೇಕು?

ಒಳ್ಳೆಯ ದಾರಿ ತೋರಿಸಿದವರೂ ಇದ್ದಾರೆ. ಅಡಿಸ್ ಅಬಾಬಾದಲ್ಲಿ ಹುಟ್ಟಿದ ರೂಪದರ್ಶಿ ಲಿಯಾ ಕೆಬೆಡೆ 2007ರಲ್ಲಿ ಲೆಮ್‌ಲೆಮ್ ಎಂಬ ಸಂಸ್ಥೆ ಕಟ್ಟಿದರು. ಊರಿನ ನೇಕಾರರಿಗೆ ಕೆಲಸ ಕಡಿಮೆಯಾಗುತ್ತಿರುವುದನ್ನು ಕಂಡು ಶುರು ಮಾಡಿದ್ದು. ಅವರು ಮಾರಿದ್ದು ಹಬೆಶಾ ಕೆಮಿಸ್ ಅಲ್ಲ. ಅದೇ ಮಗ್ಗದ ತೆಳು ಹತ್ತಿಬಟ್ಟೆಯಲ್ಲಿ ಬೇಸಿಗೆಯ ಉಡುಪು, ಮಕ್ಕಳ ಅಂಗಿ ಮಾಡಿಸಿದರು. ಸಬಾಹಾರ್ ಎಂಬ ಇನ್ನೊಂದು ಸಂಸ್ಥೆ 2004ರಿಂದ ಅಡಿಸ್ ಅಬಾಬಾದಲ್ಲಿ ಕೈನೂಲಿನ ಹತ್ತಿ ಮತ್ತು ಎರಿ ರೇಷ್ಮೆಯ ಬಟ್ಟೆ ನೇಯಿಸುತ್ತಿದೆ. ಎರಿ ನಮ್ಮ ಅಸ್ಸಾಮಿನ ರೇಷ್ಮೆ. ಹರಳೆಲೆ ತಿಂದು ಬೆಳೆಯುವ ಹುಳು, ಹರಳು ಗಿಡ ಇಥಿಯೋಪಿಯಾದಲ್ಲಿ ಬೇಕಾದಷ್ಟು ಬೆಳೆಯುತ್ತದೆ. ಇವೆರಡರಲ್ಲೂ ನನಗೆ ಹಿಡಿಸಿದ್ದು ಒಂದೇ ವಿಷಯ. ಅವರು ಹೊರಗೆ ಒಯ್ದದ್ದು ಕೈಯ ಕೆಲಸವನ್ನು. ನಮೂನೆಯನ್ನು ಯಾರಾದರೂ ಕದಿಯಬಹುದು. ಕೈನೂಲಿನ ಮೆತ್ತನೆಯ ಗುಣವನ್ನು ಅಚ್ಚು ಯಂತ್ರ ಕದಿಯಲಾರದು. ಕೊರತೆಯೂ ಇದೆ: ಇಂಥವು ಬೆರಳೆಣಿಕೆಯಷ್ಟು, ಅವುಗಳ ಬಟ್ಟೆ ಕೊಳ್ಳುವ ಶಕ್ತಿ ಇಥಿಯೋಪಿಯಾದ ಸಾಮಾನ್ಯ ಮನೆಗಿಲ್ಲ. ಊರಿನ ಹಬ್ಬದ ಬಟ್ಟೆಯ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಕಾನೂನಿನ ರಕ್ಷಣೆ ಬೇಕು ಎನ್ನುವವರು ಘಾನಾದ ಕೆಂಟೆ ಬಟ್ಟೆಯನ್ನು ತೋರಿಸುತ್ತಾರೆ. ಕೆಂಟೆಯ ನೇಯ್ಗೆ 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಮರುವರ್ಷ ಘಾನಾ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತು ಕೊಟ್ಟಿತು. ಇಥಿಯೋಪಿಯಾಕ್ಕೂ ಹೆಸರಿಗಾಗಿ ಹೋರಾಡಿದ ಅನುಭವವಿದೆ. ಸಿಡಾಮೊ, ಹರಾರ್, ಯಿರ್ಗಾಚೆಫೆ ಕಾಫಿಯ ಹೆಸರುಗಳನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹೊರಟಾಗ ಸ್ಟಾರ್‌ಬಕ್ಸ್ ಜೊತೆ ಜಟಾಪಟಿಯಾಗಿ, 2007ರಲ್ಲಿ ಒಪ್ಪಂದದಲ್ಲಿ ಮುಗಿಯಿತು. ಅವರು ಆಗ ಜಿಐ ಬದಲು ಟ್ರೇಡ್‌ಮಾರ್ಕ್ ಆರಿಸಿಕೊಂಡದ್ದಕ್ಕೆ ಕಾರಣ ಸರಳ: ಲಕ್ಷಾಂತರ ಸಣ್ಣ ರೈತರ ಕಾಫಿಯನ್ನು ಒಬ್ಬೊಬ್ಬರದಾಗಿ ಪರೀಕ್ಷಿಸಿ ಗುರುತು ಹಾಕುವುದು ಆಗದ ಕೆಲಸ. ಇಥಿಯೋಪಿಯಾದ ಮುಖ್ಯ ಆಹಾರವಾದ ಟೆಫ್ ಧಾನ್ಯದ ಹಿಟ್ಟಿನ ಮೇಲೆ ಡಚ್ ಕಂಪನಿಯೊಂದು ಪಡೆದಿದ್ದ ಪೇಟೆಂಟನ್ನು ನೆದರ್ಲೆಂಡ್ಸಿನ ನ್ಯಾಯಾಲಯ ರದ್ದು ಮಾಡಿದ ಸುದ್ದಿ 2019ರಲ್ಲಿ ಹೊರಬಂದಾಗ ಇಡೀ ಇಥಿಯೋಪಿಯಾ ಸಂಭ್ರಮಿಸಿತ್ತು.

ಆದರೆ ಬಟ್ಟೆಯ ಲೆಕ್ಕ ಕಾಫಿಯಷ್ಟು ನೇರವಿಲ್ಲ. ಜಿಐ ಎಂದರೆ ಒಂದು ಜಾಗದ ಹೆಸರು. 'ಹಬೆಶಾ ಕೆಮಿಸ್' ಯಾವ ಜಾಗದ್ದು? ಇಥಿಯೋಪಿಯಾ, ಎರಿಟ್ರಿಯಾ ಎರಡಕ್ಕೂ ಸೇರಿದ್ದು. ಇಥಿಯೋಪಿಯಾದೊಳಗೂ ಗೊಂಡರಿನ ಉಡುಗೆ ಬೇರೆ, ವೊಲ್ಲೊದ್ದು ಬೇರೆ, ಟಿಗ್ರಾಯದ ಕಸೂತಿಯ ಉಡುಗೆ ಬೇರೆ. 'ದೊರ್ಜೆ ಬಟ್ಟೆ' ಎಂದು ಮಾಡಿದರೆ ಹೆಸರು ನೇಕಾರನಿಗೆ ಸಿಗುತ್ತದೆ, ನನ್ನ ಮನಸ್ಸು ಅತ್ತಲೇ ವಾಲುತ್ತದೆ. ಆಗ ಇನ್ನೊಂದು ಸಮಸ್ಯೆ. ದೊರ್ಜೆ ಊರಿನಲ್ಲಿ ನೇಯುವವನಿಗೆ ಗುರುತು ಸಿಕ್ಕರೆ, ನೂರು ವರ್ಷದ ಹಿಂದೆ ಅಡಿಸ್ ಅಬಾಬಾಕ್ಕೆ ಬಂದು ನೆಲೆಸಿದ ದೊರ್ಜೆ ಕುಟುಂಬದ ಗತಿಯೇನು? ಬಟ್ಟೆಯಲ್ಲಿ ದೊಡ್ಡ ಪಾಲು ಹೊರಬರುವುದು ಅವರ ಮಗ್ಗದಿಂದ. ಜಾಗಕ್ಕೆ ಕಟ್ಟಿದ ಕಾನೂನು ಊರು ಬಿಟ್ಟು ಬಂದ ಕೈಗಳನ್ನು ಹೊರಗಿಡುತ್ತದೆ. ನಮ್ಮ ಅನುಭವವನ್ನೂ ಮರೆಯಬಾರದು. ಇಳಕಲ್ ಸೀರೆಗೆ ಜಿಐ ಇದೆ. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯ್ದೆ 1985ರಿಂದ ಇದೆ. ಆದರೂ ವಿದ್ಯುತ್ ಮಗ್ಗದ ಸೀರೆ ಕೈಮಗ್ಗದ್ದೆಂದು ಮಾರಾಟವಾಗುತ್ತಲೇ ಇದೆ. ಗುರುತು ಕೊಟ್ಟರೆ ಸಾಲದು, ಪೇಟೆಯಲ್ಲಿ ನಿಂತು ನೋಡುವವರು ಬೇಕು.

ಹೇಳಲೇಬೇಕಾದ ಇನ್ನೊಂದು ಮಾತಿದೆ, ಹೇಳುವಾಗ ಮನಸ್ಸು ಭಾರವಾಗುತ್ತದೆ. ಅಮೆರಿಕದ ಕಾರ್ಮಿಕ ಇಲಾಖೆ ಮಕ್ಕಳ ದುಡಿಮೆ, ಬಲವಂತದ ದುಡಿಮೆಯಿಂದ ತಯಾರಾಗುವ ಸರಕುಗಳ ಪಟ್ಟಿ ಇಡುತ್ತದೆ. ಅದರಲ್ಲಿ ಇಥಿಯೋಪಿಯಾದ ಕೈಮಗ್ಗದ ಬಟ್ಟೆಯೂ ಇದೆ. ಗಾಮೊ ಗುಡ್ಡಗಳ ಬಡ ಮನೆಗಳಿಂದ ಗಂಡುಮಕ್ಕಳನ್ನು "ಓದಿಸುತ್ತೇವೆ, ಕೆಲಸ ಕಲಿಸುತ್ತೇವೆ" ಎಂದು ರಾಜಧಾನಿಗೆ ಕರೆತಂದು, ಬೆಳಗಿನಿಂದ ರಾತ್ರಿಯ ತನಕ ಕುಣಿಮಗ್ಗಕ್ಕೆ ಕೂರಿಸುವುದು ವರ್ಷಗಳಿಂದ ವರದಿಯಾಗುತ್ತಿದೆ. ಅಪ್ಪನ ಪಕ್ಕ ಕೂತು ಕಸುಬು ಕಲಿಯುವುದೇ ಬೇರೆ, ಇದೇ ಬೇರೆ. ಕೂಲಿ ಅಷ್ಟು ಕೆಳಗಿರುವುದರಿಂದಲೇ ಮಕ್ಕಳ ಕೈ ಬೇಕಾಗುತ್ತದೆ. ನಕಲಿ ಬಟ್ಟೆ ಬೆಲೆಯನ್ನು ಕೆಳಗೆ ಎಳೆದಷ್ಟೂ ಈ ಒತ್ತಡ ಹೆಚ್ಚುತ್ತದೆ. ಆದ್ದರಿಂದ 'ಕೈಯಲ್ಲಿ ನೇಯ್ದದ್ದು' ಎಂಬ ಚೀಟಿ ಕಂಡ ಕೂಡಲೇ ಸಮಾಧಾನಪಡುವಂತಿಲ್ಲ. ಯಾರ ಕೈ, ಎಷ್ಟು ವಯಸ್ಸಿನ ಕೈ, ಎಷ್ಟು ಕೂಲಿ?

ಅಮ್ಹಾರಿಕ್‌ನಲ್ಲಿ ಒಂದು ಗಾದೆ ಇದೆ: ಎಳೆಗಳು ಒಂದಾದರೆ ಸಿಂಹವನ್ನೂ ಕಟ್ಟುತ್ತವೆ. ಅಲ್ಲಿ ಬರುವ 'ದಿರ್' ಎಂಬ ಮಾತು ಜೇಡನ ಬಲೆಗೂ ಸಲ್ಲುತ್ತದೆ, ಮಗ್ಗದ ಹಾಸಿಗೂ ಸಲ್ಲುತ್ತದೆ. ನೇಕಾರರ ಸಹಕಾರ ಸಂಘಗಳು ಅಡಿಸ್ ಅಬಾಬಾದಲ್ಲೂ ಇವೆ, ಗಾಮೊ ನಾಡಿನಲ್ಲೂ ಇವೆ. ನೂಲನ್ನು ಒಟ್ಟಿಗೆ ಕೊಂಡು, ಬಟ್ಟೆಯನ್ನು ಒಟ್ಟಿಗೆ ಮಾರಿದರೆ ಬೆಲೆ ಕಟ್ಟುವ ಮಾತು ವ್ಯಾಪಾರಿಯೊಬ್ಬನದೇ ಆಗಿ ಉಳಿಯುವುದಿಲ್ಲ. ಹೊರದೇಶಗಳಲ್ಲಿ ಅಂಗಡಿ ನಡೆಸುವ ಹಬೆಶಾ ಹೆಣ್ಣುಮಕ್ಕಳು ಇಂಥ ಸಂಘಗಳಿಂದಲೇ ಕೊಂಡರೆ, ಮುಂಗಡ ಕೊಟ್ಟರೆ, ಬಟ್ಟೆಯ ಹಿಂಬದಿಯ ಫೋಟೋವನ್ನೂ ಹಾಕಿದರೆ, ನೇಯ್ದವರ ಒಪ್ಪಿಗೆ ಪಡೆದು ಅವರ ಹೆಸರು ಊರು ಬರೆದರೆ ಎಷ್ಟೋ ಬದಲಾಗುತ್ತದೆ. ಈ ಕೆಲಸ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಕೊಳ್ಳುವವರೂ ಕೇಳಬೇಕು. ಕೇಳುವವರು ಹೆಚ್ಚಿದರೆ ಮಾರುವವರು ಉತ್ತರ ಇಟ್ಟುಕೊಳ್ಳುತ್ತಾರೆ.

ಕಾಕಾ ಮುಂದಿನ ರಜೆಗೆ ಬರುವಾಗ ಚೆಂಚಾಕ್ಕೆ ಹೋಗಿದ್ದರು. ದೊರ್ಜೆಯಲ್ಲಿ, ಮಗ್ಗದ ಮನೆಯ ಬಾಗಿಲಲ್ಲೇ ಒಂದು ಗಾಬಿ ಕೊಂಡರು. ನೇಯ್ದವನು ತನ್ನ ಹೆಸರನ್ನು ಅಮ್ಹಾರಿಕ್ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಟ್ಟ. ಕೆಳಗೆ ಕಾಕಾ ಅದನ್ನೇ ಕನ್ನಡದಲ್ಲಿ ಬರೆದರು. ನೂಲಿದವಳು ಅವನ ಹೆಂಡತಿ ಎಂದು ಗೊತ್ತಾಗಿ, ಅವಳ ಹೆಸರನ್ನೂ ಸೇರಿಸಿದರು. ಆಯಿ ಈಗಲೂ ಚಳಿಗಾಲದಲ್ಲಿ ಆ ಗಾಬಿ ಹೊದ್ದುಕೊಳ್ಳುತ್ತಾಳೆ. ಚೀಟಿಯನ್ನು ಟ್ರಂಕಿನಲ್ಲಿ, ತನ್ನ ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಾಳೆ.